ಕೆಸರಿನಲ್ಲಿ ಸೈಕ್ಲೋಕ್ರಾಸ್: ಕೊಡಗಿನ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಮಳೆ ಹಿಡಿದರೆ ಕೊಡಗಿನಲ್ಲಿ ರೋಡ್ ಸೈಕಲ್‌ಗಳು ಮೂಲೆ ಸೇರುತ್ತವೆ. ಕೆಲವರಿಗೆ ಸೈಕ್ಲೋಕ್ರಾಸ್ ನೆನಪಾಗುವುದೇ ಆಗ. ಸೈಕಲ್ ಅಂಗಡಿಯ ಜಗಲಿಯಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಹೊಸಬರದ್ದು ಮೊದಲು, ಸ್ಪರ್ಧೆಗೆ ಇಳಿದವರದ್ದು ಕೊನೆಗೆ.

## ಹೊಸಬರಿಗೆ

ಸೈಕ್ಲೋಕ್ರಾಸ್ ಅಂದ್ರೆ ಏನು? ಮೌಂಟನ್ ಬೈಕ್ ರೇಸ್ ಥರಾನೇ ಅಲ್ವಾ?

ಅಲ್ಲ. ಸೈಕಲ್ ನೋಡಲು ರೋಡ್ ಸೈಕಲ್ಲೇ, ಬಾಗಿದ ಹ್ಯಾಂಡಲ್, ತೆಳು ಫ್ರೇಮ್. ಟೈರಿಗೆ ಮಾತ್ರ ಬಟನ್, ಅಂದರೆ ನೆಲ ಕಚ್ಚುವ ಉಬ್ಬುಗಳು, ಇರುತ್ತದೆ. ಓಡಿಸುವುದು ಎರಡೂವರೆಯಿಂದ ಮೂರೂವರೆ ಕಿಲೋಮೀಟರಿನ ಒಂದು ಸುತ್ತಿನಲ್ಲಿ, ಮತ್ತೆ ಮತ್ತೆ. ಆ ಸುತ್ತಿನಲ್ಲಿ ಹುಲ್ಲು, ಕೆಸರು, ಮರಳು, ಕಡಿದಾದ ಏರು, ಕೆಲವು ಕಡೆ ಮೆಟ್ಟಿಲೂ ಇರುತ್ತವೆ. ದಾರಿಗೆ ಅಡ್ಡಲಾಗಿ 40 ಸೆಂಟಿಮೀಟರ್ ಎತ್ತರದವರೆಗಿನ ಹಲಗೆ ನಿಲ್ಲಿಸಿರುತ್ತಾರೆ. ಬಹುಪಾಲು ಸವಾರರು ಅಲ್ಲಿ ಇಳಿದು, ಸೈಕಲ್ ಎತ್ತಿಕೊಂಡು ದಾಟಿ, ಓಡುತ್ತಲೇ ಮತ್ತೆ ಹತ್ತುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ಗಂಡಸರಿಗೆ ಸುಮಾರು ಒಂದು ಗಂಟೆ, ಹೆಂಗಸರಿಗೆ ಸುಮಾರು 50 ನಿಮಿಷ. ದಮ್ಮು ತೆಗೆದುಕೊಳ್ಳಲು ಎಲ್ಲೂ ಪುರುಸೊತ್ತಿಲ್ಲ.

ಫ್ರಾನ್ಸಿನಲ್ಲಿ 1902ರಲ್ಲೇ ಇದರ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದಿತ್ತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಗೆದ್ದವರು ಜಾನ್ ರೋಬಿಕ್, 1947ರ ಟೂರ್ ದ ಫ್ರಾನ್ಸ್ ವಿಜೇತ. ಹೆಂಗಸರಿಗೆ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಇವತ್ತು ಈ ಆಟದ ತವರು ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್.

ಬೆಲ್ಜಿಯಂನಲ್ಲಿ ಹೇಳೋದು ನಮ್ಮ ಮಣ್ಣಿಗೆ ಅನ್ವಯ ಆಗುತ್ತಾ ಸಾರ್?

ಅರ್ಧ ಆಗುತ್ತದೆ. ಅಲ್ಲಿ ಚಳಿಗಾಲದ ಆಟ, ಬೆರಳು ಮರಗಟ್ಟುವ ಚಳಿ. ನಮಗೆ ಆ ತೊಂದರೆ ಇಲ್ಲ, ಹಾಗಾಗಿ ದಪ್ಪ ಕೈಗವಸು, ಕಾಲಿಗೆ ಹಚ್ಚುವ ಬಿಸಿ ಎಣ್ಣೆ ಇವೆಲ್ಲ ಇಲ್ಲಿ ಬೇಡ. ಆದರೆ ನಮ್ಮ ಕೆಮ್ಮಣ್ಣಿನಲ್ಲಿ ಜೇಡಿ ಹೆಚ್ಚು, ಮಳೆ ಬಿಡದೆ ಸುರಿಯುತ್ತದೆ. ಟೈರಿನ ಗಾಳಿ, ಬ್ರೇಕ್ ಪ್ಯಾಡ್, ಗೇರ್ ಈ ಮೂರರಲ್ಲಿ ನಾವು ಅವರಿಗಿಂತ ಹೆಚ್ಚು ಎಚ್ಚರ ಇಟ್ಟುಕೊಳ್ಳಬೇಕು. ಕೊಡಗಿನೊಳಗೂ ವ್ಯತ್ಯಾಸ ಇದೆ. ಭಾಗಮಂಡಲದ ಕಡೆ ಆಗಸ್ಟಿನಲ್ಲಿ ಹುಲ್ಲಿನ ಮೇಲೇ ನೀರು ಹರಿಯುತ್ತಿರುವ ದಿನ ಕುಶಾಲನಗರದ ಬಯಲಿನಲ್ಲಿ ಧೂಳು ಏಳುವುದೂ ಉಂಟು.

ನಾನು ನಾಟಿ ಓಟದಲ್ಲಿ ಓಡಿದವನು. ಅದರಿಂದ ಏನಾದ್ರೂ ಪ್ರಯೋಜನ ಇದೆಯಾ?

ತುಂಬಾ ಇದೆ, ಅದನ್ನು ಸಣ್ಣದೆಂದು ತಿಳಿಯಬೇಡಿ. ಕೆಸರು ಗದ್ದೆಯಲ್ಲಿ ಓಡಿದವರಿಗೆ ಉದ್ದ ಹೆಜ್ಜೆ ಹಾಕಿದರೆ ಕಾಲು ಹೂತು ನಿಲ್ಲುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಣ್ಣ ಹೆಜ್ಜೆ, ಮಂಡಿ ಮೇಲೆ, ಮುಂಗಾಲು ಮೊದಲು. ಹೆಗಲ ಮೇಲೆ ಸೈಕಲ್ ಇದ್ದಾಗಲೂ ಇದೇ ಓಟ. ಸೈಕಲ್ ಹತ್ತಿ ಬೆಳೆದವರು ಕಲಿಯಲು ಒದ್ದಾಡುವುದು ಇಲ್ಲೇ. ನಿಮಗೆ ಉಳಿದಿರುವುದು ಸೈಕಲ್ಲಿನ ಭಾಗ ಮಾತ್ರ.

ಮನೇಲಿ ಗೇರ್ ಇರೋ ಎಂಟಿಬಿ (ಮೌಂಟನ್ ಬೈಕ್) ಇದೆ. ಸಾಕಾ, ಹೊಸದು ತಗೋಬೇಕಾ?

ಕಲಿಯಲು ಸಾಕು. ಸ್ಟ್ಯಾಂಡ್, ಮಡ್‌ಗಾರ್ಡ್, ಬಾಟಲಿ ಕೇಜ್ ಎಲ್ಲ ಬಿಚ್ಚಿಡಿ. ಟೈರಿಗೂ ಫ್ರೇಮಿಗೂ ನಡುವೆ ಎರಡೂ ಪಕ್ಕ ಕಿರುಬೆರಳು ಸಲೀಸಾಗಿ ತೂರಬೇಕು. ತೂರದಿದ್ದರೆ ಟೈರ್ ಸಣ್ಣದು ಹಾಕಿ, ಇಲ್ಲದಿದ್ದರೆ ನೂರು ಮೀಟರಿಗೆ ಚಕ್ರ ಕಚ್ಚಿ ನಿಲ್ಲುತ್ತದೆ. ಒಂದು ಮಳೆಗಾಲ ಹೀಗೆ ಕಳೆದ ಮೇಲೂ ಆಸೆ ಉಳಿದಿದ್ದರೆ ಆಗ ಸೈಕ್ಲೋಕ್ರಾಸ್ ಸೈಕಲ್ ನೋಡಿ.

## ಟೈರ್ ಮತ್ತು ಬಿಡಿಭಾಗ

ಕೆಸರಿಗೆ ದಪ್ಪ ಟೈರ್ ಹಾಕಿದ್ರೆ ಒಳ್ಳೇದಲ್ವಾ?

ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ನಿಯಮದಂತೆ ಟೈರಿನ ಅಗಲ 33 ಮಿಲಿಮೀಟರ್ ದಾಟುವಂತಿಲ್ಲ. ನಿಯಮ ಇಲ್ಲದ ಕಡೆಯೂ ತೀರಾ ದಪ್ಪ ಟೈರ್ ನಾನು ಹೇಳುವುದಿಲ್ಲ. ನಮ್ಮಲ್ಲಿ ಬಹಳ ಕಡೆ ಮೇಲೆ ನಾಲ್ಕು ಬೆರಳು ಕೆಸರು, ಅದರಡಿ ಗಟ್ಟಿ ನೆಲ. ತೆಳು ಟೈರ್ ಕೆಸರನ್ನು ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ, ದಪ್ಪದ್ದು ಮೇಲೇ ತೇಲಿ ಜಾರುತ್ತದೆ. ಅಗಲಕ್ಕಿಂತ ಬಟನ್ ನೋಡಿ. ಎತ್ತರವಾಗಿ, ಒಂದಕ್ಕೊಂದು ದೂರ ದೂರ ಇರಬೇಕು. ಒತ್ತೊತ್ತಾಗಿದ್ದರೆ ಸಂದಿನಲ್ಲಿ ಮಣ್ಣು ಕೂತು ಟೈರ್ ನುಣ್ಣಗಾಗಿಬಿಡುತ್ತದೆ.

ಗಾಳಿ ಎಷ್ಟು ಹಾಕ್ಬೇಕಣ್ಣ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಮುಖ್ಯವಾದದ್ದೂ ಇದೇ. ದುಬಾರಿ ಸೈಕಲ್ಲಿಗೆ ಕೊಡುವ ದುಡ್ಡಿಗಿಂತ ಎರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಕೆಸರಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಸುಮಾರು 70 ಕೆಜಿ ತೂಕದವರು, 33 ಎಂಎಂ ಟ್ಯೂಬ್‌ಲೆಸ್ ಟೈರ್ ಇದ್ದರೆ, ಹಿಂದೆ 24, ಮುಂದೆ 22 ಪಿಎಸ್‌ಐನಿಂದ ಶುರು ಮಾಡಿ. 55 ಕೆಜಿ ಇದ್ದರೆ ಇನ್ನೂ ಮೂರ್ನಾಲ್ಕು ಇಳಿಸಬಹುದು. ಒಳಗೆ ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ, ಬೇರಿಗೋ ಕಲ್ಲಿಗೋ ಬಡಿದಾಗ ರಿಮ್ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತಾಗುತ್ತದೆ. 30ರ ಆಸುಪಾಸಿನಲ್ಲಿ ಇರಲಿ.

ಇವು ಶುರುವಿನ ಅಂಕಿ ಮಾತ್ರ. ಟ್ರ್ಯಾಕಿನಲ್ಲಿ ಒಂದು ಸುತ್ತು ಹೋಗಿ ಬಂದು ಒಂದೊಂದೇ ಪಿಎಸ್‌ಐ ಬಿಡುತ್ತಾ ಹೋಗಿ. ಒಂದು ಸುತ್ತಿನಲ್ಲಿ ಒಂದೋ ಎರಡೋ ಸಲ ರಿಮ್ ಮೆಲ್ಲಗೆ ನೆಲ ಮುಟ್ಟಿದ ಸದ್ದು ಬಂದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಪ್ರತಿ ಬೇರಿಗೂ ಬಂದರೆ ಒಂದೆರಡು ಏರಿಸಿ. ಸಿಲ್ವರ್ ಓಕ್ ಸಾಲಿನ ಕೆಳಗೆ ಹಾದುಹೋಗುವ ಟ್ರ್ಯಾಕಿದ್ದರೆ ಬೇರು ಹೆಚ್ಚು, ಬಯಲು ಹುಲ್ಲಿನಲ್ಲಾದರೆ ಧೈರ್ಯವಾಗಿ ಇಳಿಸಿ. ಪೆಟ್ರೋಲ್ ಬಂಕಿನ ಗಾಳಿ ಈ ಕೆಲಸಕ್ಕೆ ಆಗುವುದಿಲ್ಲ. ಮನೆಯ ಪಂಪಿನ ಮುಳ್ಳೂ ಇಷ್ಟು ಕಡಿಮೆ ಗಾಳಿಯಲ್ಲಿ ಸರಿಯಾಗಿ ತೋರಿಸುವುದು ಅಪರೂಪ. ಕಡಿಮೆ ಒತ್ತಡ ಅಳೆಯುವ ಸಣ್ಣ ಗೇಜ್ ಒಂದನ್ನು ಕೊಂಡುಕೊಳ್ಳಿ, ಯಾವಾಗಲೂ ಅದೊಂದರಲ್ಲೇ ಅಳೆಯಿರಿ.

ಡಿಸ್ಕ್ ಬ್ರೇಕ್ ಪ್ಯಾಡ್ ಒಂದೇ ದಿನಕ್ಕೆ ಸವೆದು ಹೋಯ್ತು. ಕಂಪನಿ ಮಾಲು ಅಲ್ವಾ ಇದು?

ಕಂಪನಿಯದ್ದೇ ಇರಬಹುದು. ಮಣ್ಣು ನೀರು ಬೆರೆತು ಡಿಸ್ಕಿನ ಮೇಲೆ ಕೂತರೆ ಉಜ್ಜುಕಾಗದ ಹಾಕಿ ತಿಕ್ಕಿದ ಹಾಗೆ. ರೆಸಿನ್ ಪ್ಯಾಡ್ ಅದನ್ನು ತಡೆಯುವುದಿಲ್ಲ. ಮಳೆಗಾಲಕ್ಕೆ ಮೆಟಲ್ ಪ್ಯಾಡ್ ಹಾಕಿ, ಸದ್ದು ಸ್ವಲ್ಪ ಹೆಚ್ಚು, ಬಾಳಿಕೆಯೂ ಹೆಚ್ಚು. ಆದರೆ ಮೊದಲು ನಿಮ್ಮ ರೋಟರ್ (ಬ್ರೇಕಿನ ಡಿಸ್ಕ್) ಮೆಟಲ್ ಪ್ಯಾಡಿಗೆ ಆಗುತ್ತದೆಯೇ ಎಂದು ನೋಡಿ, ಕೆಲವು ರೋಟರ್ ಮೇಲೆ ರೆಸಿನ್ ಮಾತ್ರ ಎಂದು ಬರೆದಿರುತ್ತದೆ. ಹೊಸ ಪ್ಯಾಡನ್ನು ಒಣ ರಸ್ತೆಯಲ್ಲಿ ಹತ್ತಿಪ್ಪತ್ತು ಸಲ ಒತ್ತಿ ಹದ ಮಾಡಿಯೇ ಕೆಸರಿಗೆ ಇಳಿಸಬೇಕು.

ಗೇರ್ ಕಿತ್ಕೊಂಡು ಕಡ್ಡಿಗೆ ಸಿಕ್ಕಿಹಾಕ್ಕೊಳ್ತು. ಮತ್ತೆ ಆಗದ ಹಾಗೆ ಏನು ಮಾಡ್ಬೇಕು?

ಹುಲ್ಲು ಬೆರೆತ ಕೆಸರು ಗೇರ್ ಬದಲಿಸುವ ಹಿಂದಿನ ಡಿರೇಲರಿನ ಸಣ್ಣ ಚಕ್ರಗಳಲ್ಲಿ ಸುತ್ತಿಕೊಳ್ಳುತ್ತದೆ. ಚೈನು ಸರಿಯುವುದಿಲ್ಲ, ನೀವು ತುಳಿಯುತ್ತಲೇ ಇರುತ್ತೀರಿ, ಡಿರೇಲರ್ ಹಿಂದಕ್ಕೆ ಎಳೆದುಕೊಂಡು ಹೋಗಿ ಕಡ್ಡಿಗೆ ಬೀಳುತ್ತದೆ. ಮುರಿಯುವ ಮುಂಚೆ ಪೆಡಲಿನಲ್ಲಿ ಒಂದು ಗರಗರ ಬಿಗಿತ ಬಂದೇ ಬರುತ್ತದೆ. ಅದು ಕಾಲಿಗೆ ತಿಳಿದ ಕೂಡಲೇ ತುಳಿಯುವುದು ನಿಲ್ಲಿಸಿ, ಇಳಿದು ಓಡಿ, ಕೈಯಿಂದ ಹುಲ್ಲು ಕೀಳಿ. ಭಾರ ಹಾಕಿ ತುಳಿಯುವಾಗ ಗೇರ್ ಬದಲಿಸಬೇಡಿ, ಏರು ಶುರುವಾಗುವ ಮುಂಚೆಯೇ ಬದಲಿಸಿಕೊಳ್ಳಿ. ಡಿರೇಲರನ್ನು ಫ್ರೇಮಿಗೆ ಕೂರಿಸುವ ಹ್ಯಾಂಗರ್ ಪ್ರತಿ ಫ್ರೇಮಿಗೂ ಬೇರೆ ಬೇರೆ. ನಮ್ಮೂರಿನ ಅಂಗಡಿಯಲ್ಲಿ ತಕ್ಷಣ ಸಿಗುತ್ತದೆ ಎಂದು ನಂಬಬೇಡಿ, ಒಂದನ್ನು ಮೊದಲೇ ತರಿಸಿ ಬ್ಯಾಗಿನಲ್ಲಿಟ್ಟಿರಿ.

## ಕೆಸರಿನಲ್ಲಿ ಓಡಿಸುವುದು

ಜೋರು ಮಳೇಲಿ ಚೆನ್ನಾಗಿ ಓಡಿದ ಸೈಕಲ್ ಮಳೆ ನಿಂತ ಮೇಲೆ ಯಾಕೆ ಓಡಲ್ಲ?

ಈ ಪ್ರಶ್ನೆ ಕೇಳುವವರು ಕೆಸರನ್ನು ಗಮನಿಸಲು ಶುರು ಮಾಡಿದ್ದಾರೆ ಎಂದು ನನಗೆ ಖುಷಿಯಾಗುತ್ತದೆ. ಕೆಸರೆಂದರೆ ಒಂದೇ ವಸ್ತುವಲ್ಲ. ಅದರಲ್ಲಿ ನೀರೆಷ್ಟು, ಜೇಡಿ ಎಷ್ಟು ಎಂಬುದರ ಮೇಲೆ ಗುಣ ಬದಲಾಗುತ್ತದೆ.

ಮಳೆ ಸುರಿಯುತ್ತಿರುವಾಗ ಕೆಸರು ಗಂಜಿ. ಟೈರಿನಿಂದ ತಾನೇ ಚಿಮ್ಮಿ ಹೋಗುತ್ತದೆ, ಚೈನನ್ನೂ ತೊಳೆಯುತ್ತದೆ. ನೋಡಲು ಭಯಂಕರ, ಓಡಿಸಲು ಅಷ್ಟು ಕಷ್ಟವಿಲ್ಲ. ಮಳೆ ನಿಂತು ಒಂದೆರಡು ಗಂಟೆ ಬಿಸಿಲು ಬಿದ್ದರೆ ಅದೇ ಮಣ್ಣು ಮುದ್ದೆಯಾಗುತ್ತದೆ. ಆಗ ಟೈರಿಗೆ ಹತ್ತಿದ್ದು ಇಳಿಯುವುದಿಲ್ಲ, ಫೋರ್ಕಿನಡಿ ತುಂಬುತ್ತದೆ, ಸುತ್ತು ಸುತ್ತಿಗೂ ಸೈಕಲ್ ಭಾರವಾಗುತ್ತಾ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮಳೆ ಬಿಟ್ಟು ಬಿಟ್ಟು ಬರುವಾಗ ಸೈಕಲ್ ಹೆಚ್ಚು ಕಾಡುವುದು ಇದರಿಂದಲೇ, ಜುಲೈನ ಜಡಿಮಳೆಗಿಂತ ಹೆಚ್ಚು.

ಮಣ್ಣಿನ ಜಾತಿಯೂ ಮುಖ್ಯ. ಗದ್ದೆಯ ಬೂದು ಕೆಸರು ನುಣುಪು, ಆಳ, ಎಳೆದುಕೊಳ್ಳುತ್ತದೆ. ಅಲ್ಲಿ ಓಡಿಸುವುದಕ್ಕಿಂತ ಹೊತ್ತು ಓಡುವುದು ಲೇಸು. ತೋಟದ ಜೀಪ್ ರಸ್ತೆಯ ಕೆಮ್ಮಣ್ಣು ಮೇಲೆ ಸಾಬೂನು, ಒಳಗೆ ಗಟ್ಟಿ. ಟೈರ್ ಕಚ್ಚಿದರೆ ಹಿಡಿತ ಸಿಗುತ್ತದೆ, ಪಕ್ಕಕ್ಕೆ ವಾಲಿದರೆ ಬೀಳುತ್ತೀರಿ. ಮರದಡಿ ಸೊಪ್ಪು ಕೊಳೆತ ಕಪ್ಪು ಮಣ್ಣು ಮೂರರಲ್ಲಿ ಒಳ್ಳೆಯದು, ಮೆತ್ತಗಿದ್ದರೂ ಹಿಡಿಯುತ್ತದೆ, ಅಂಟುವುದು ಕಡಿಮೆ. ಅಪಾಯ ಒಂದೇ, ಎಲೆಯಡಿ ಅಡಗಿರುವ ಒದ್ದೆ ಬೇರು. ಅದನ್ನು ಓರೆಯಾಗಿ ದಾಟಿದರೆ ಮುಂದಿನ ಚಕ್ರ ಉಳಿಯುವುದಿಲ್ಲ. ನೇರಕ್ಕೆ, ಬ್ರೇಕ್ ಮುಟ್ಟದೆ ದಾಟಬೇಕು.

ಟ್ರ್ಯಾಕ್ ನೋಡಲು ಹೋದಾಗ ಕೈಗೆ ಒಂದು ಹಿಡಿ ಮಣ್ಣು ತೆಗೆದುಕೊಂಡು ಉಂಡೆ ಕಟ್ಟಿ ಗೋಡೆಗೆ ಎಸೆಯಿರಿ. ಅಂಟಿ ನಿಂತರೆ ಗಾಳಿ ಕಡಿಮೆ ಮಾಡುವುದಕ್ಕಿಂತ ಮೊದಲು ಫ್ರೇಮಿಗೆ ಮಣ್ಣು ಹಿಡಿಯದ ಹಾಗೆ ಏನು ಮಾಡುವುದೆಂದು ಯೋಚಿಸಿ. ಫ್ರೇಮಿನ ಅಡಿಭಾಗ ಮತ್ತು ಫೋರ್ಕಿನ ಒಳಬದಿಗೆ ಅಡುಗೆ ಎಣ್ಣೆ ತೆಳುವಾಗಿ ಸವರಿದರೆ ಮೊದಲ ಕೆಲವು ಸುತ್ತು ಸಹಾಯವಾಗುತ್ತದೆ. ಬ್ರೇಕಿನ ಹತ್ತಿರ ಎಣ್ಣೆ ಕೈ ತರಲೇಬೇಡಿ.

ಮುಂದಿನವರು ಹೋದ ಚಡಿಯಲ್ಲೇ ಹೋಗ್ಬೇಕಾ, ಪಕ್ಕದಲ್ಲಾ?

ಚಡಿಯ ತಳ ಗಟ್ಟಿ ಇದ್ದರೆ ಚಡಿಯೇ ವೇಗ. ಒಳಗೆ ಇಳಿದ ಮೇಲೆ ಹ್ಯಾಂಡಲ್ ಸಡಿಲ ಬಿಡಿ, ಕಣ್ಣು ಚಡಿ ಮುಗಿಯುವ ಕಡೆ ಇರಲಿ, ತುಳಿತ ಒಂದೇ ಸಮ ಇರಲಿ. ಚಡಿಯೊಳಗೆ ತಿರುಗಿಸಲು ಹೋದವರು ಬೀಳುತ್ತಾರೆ. ತಳ ಕಲಕಿ ಕೆಸರಾದ ಮೇಲೆ ಟ್ರ್ಯಾಕಿನ ಬದಿಗೆ ಕಟ್ಟಿದ ಹಗ್ಗದ ಪಕ್ಕದ ಹುಲ್ಲಿನ ಅಂಚು ಹಿಡಿಯಿರಿ. ದೂರ ಸ್ವಲ್ಪ ಹೆಚ್ಚಾದರೂ ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟಿರುತ್ತದೆ, ಜೊತೆಗೆ ಟೈರನ್ನೂ ಒರೆಸುತ್ತದೆ.

ಇಳಿದು ಓಡಿದ್ರೆ ಸೋತ ಹಾಗೆ ಅನ್ಸುತ್ತೆ. ಯಾವಾಗ ಇಳೀಬೇಕು?

ವಿಶ್ವ ಚಾಂಪಿಯನ್ನರೂ ಇಳಿಯುತ್ತಾರೆ. ಸೈಕಲ್ ಮೇಲೆ ಕೂತ ನಿಮ್ಮ ವೇಗ ಪಕ್ಕದಲ್ಲಿ ಓಡುವವನ ವೇಗಕ್ಕಿಂತ ಕಡಿಮೆಯಾಗುವ ಕ್ಷಣದ ಮುಂಚೆ ಇಳಿಯಬೇಕು. ನಿಂತೇ ಹೋದ ಮೇಲೆ ಇಳಿದರೆ ಎರಡು ಸಲ ನಷ್ಟ, ನಿಂತದ್ದಕ್ಕೊಂದು, ಮತ್ತೆ ಓಟ ಹಿಡಿಯಲು ಇನ್ನೊಂದು. ಅಭ್ಯಾಸದ ದಿನ ಒಂದೇ ಕೆಸರು ತುಂಡನ್ನು ಒಮ್ಮೆ ತುಳಿದು, ಒಮ್ಮೆ ಓಡಿ, ಗಡಿಯಾರ ಹಿಡಿದು ನೋಡಿ. ಮನಸ್ಸಿಗೆ ಅನಿಸಿದ್ದಕ್ಕೂ ಗಡಿಯಾರ ಹೇಳುವುದಕ್ಕೂ ತಾಳೆಯಾಗುವುದು ಕಡಿಮೆ. ಇನ್ನೊಂದು ಲಾಭ ಇದೆ. ಅಂಟುವ ಮಣ್ಣಿನಲ್ಲಿ ಸೈಕಲ್ ಹೊತ್ತು ಓಡಿದರೆ ಚಕ್ರಕ್ಕೆ ಹೊಸ ಮಣ್ಣು ಹತ್ತುವುದಿಲ್ಲ.

ಹೆಗಲಿಗೆ ಹಾಕಿದ್ರೆ ಹ್ಯಾಂಡಲ್ ತಿರುಗಿ ಮುಖಕ್ಕೆ ಬಡಿಯುತ್ತೆ. ಸರಿಯಾಗಿ ಹಾಕೋದು ಹೇಗೆ?

ಯಾವಾಗಲೂ ಎಡಗಡೆ ಇಳಿಯಿರಿ, ಚೈನು ಆಚೆ ಬದಿಗೆ ಇರುತ್ತದೆ. ಬಲಗಾಲನ್ನು ಸೀಟಿನ ಹಿಂದಿನಿಂದ ಎಡಕ್ಕೆ ತಂದು, ಎಡಗಾಲು ಪೆಡಲಿನ ಮೇಲೆ ನಿಂತಿರುವಾಗಲೇ ನೆಲಕ್ಕೆ ಇಳಿಯಬೇಕು, ಆ ಮೊದಲ ಹೆಜ್ಜೆಯೇ ಓಟದ ಹೆಜ್ಜೆ. ಬಲಗೈ ಬಗ್ಗಿಸಿ ಫ್ರೇಮಿನ ಕೆಳಗಿನ ಓರೆ ಕೊಳವೆಯನ್ನು ಹಿಡಿದು ಎತ್ತಿ, ಮೇಲಿನ ಕೊಳವೆ ಬಲ ಹೆಗಲಿಗೆ, ಕುತ್ತಿಗೆಗೆ ತಾಗದಂತೆ, ಕೂರಿಸಿ. ಆಮೇಲೆ ಅದೇ ಬಲಗೈಯನ್ನು ಓರೆ ಕೊಳವೆಯ ಅಡಿಯಿಂದ ಮುಂದಕ್ಕೆ ಹಾಯಿಸಿ ಹ್ಯಾಂಡಲಿನ ಎಡ ಬಾಗನ್ನು ಹಿಡಿಯಿರಿ. ಇಷ್ಟು ಮಾಡಿದರೆ ಮುಂದಿನ ಚಕ್ರ ಅಲುಗುವುದಿಲ್ಲ, ಎಡಗೈ ಓಟಕ್ಕೆ ಬೀಸಲು ಖಾಲಿ.

ಫ್ರೇಮ್ ಸಣ್ಣದಿದ್ದು ತ್ರಿಕೋನದೊಳಗೆ ಹೆಗಲು ತೂರದಿದ್ದರೆ ಹೆಣಗಬೇಡಿ. ಕುಳ್ಳಗಿರುವ ಹಲವರು ಮೇಲಿನ ಕೊಳವೆಯನ್ನೇ ಸೂಟ್‌ಕೇಸ್ ಹಿಡಿದಂತೆ ಹಿಡಿದು ಎತ್ತುತ್ತಾರೆ. ಸಣ್ಣ ಏರಿಗೆ ಅದೇ ಬೇಗ.

ಓರೆ ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಜಾರಿ ಕೆಳಗೆ ಹೋಗ್ತೀನಿ.

ಮೈ ಗುಡ್ಡದ ಕಡೆ ವಾಲಿಸುವುದೇ ಕಾರಣ. ಸೈಕಲ್ ಗುಡ್ಡದ ಕಡೆ ವಾಲಲಿ, ನಿಮ್ಮ ಭಾರ ಕೆಳಬದಿಯ ಪೆಡಲಿನ ಮೇಲಿರಲಿ. ಮೇಲಿನಿಂದ ಶುರು ಮಾಡಿ, ಸ್ವಲ್ಪ ಜಾರಲು ಜಾಗ ಇಟ್ಟುಕೊಳ್ಳಿ. ಮುಂದಿನ ಬ್ರೇಕ್ ಮರೆತುಬಿಡಿ.

## ಜಾಗ, ಆರೋಗ್ಯ, ತೊಳೆಯುವುದು

ಕೊಡಗಲ್ಲಿ ಎಲ್ಲಿ ಅಭ್ಯಾಸ ಮಾಡೋದು?

ಬಾಣೆ ಜಾಗ, ಅಂದರೆ ಮನೆತನದ ಗದ್ದೆಗೆ ಸೇರಿದ ಗುಡ್ಡದ ಜಾಗ, ಅತ್ಯುತ್ತಮ. ಹುಲ್ಲು, ಅಲ್ಲಲ್ಲಿ ಮರ, ಏರಿಳಿತ, ಎಲ್ಲ ಒಂದೇ ಕಡೆ. ಮನೆಯವರ ಒಪ್ಪಿಗೆ ಕೇಳಿಯೇ ಹೋಗಿ. ತೋಟದ ರಸ್ತೆಯಾದರೆ ಸಾಹುಕಾರರ ಜೊತೆ ತೋಟದ ಲೆಕ್ಕ ನೋಡುವ ರೈಟರ್‌ಗೂ ತಿಳಿಸಿ. ಆನೆ ಎಲ್ಲಿ ಬಂದಿದೆ ಎಂಬುದು ಮೊದಲು ಗೊತ್ತಾಗುವುದು ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರಿಗೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಬೆಳಕು ಹರಿಯುವ ಮುಂಚೆ, ಸಂಜೆಯಾದ ಮೇಲೆ ಸೈಕಲ್ ತೆಗೆಯಲೇಬೇಡಿ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ.

ನಾಟಿ ಆದ ಗದ್ದೆಗೆ, ಅದರ ಏರಿಗೂ, ಸೈಕಲ್ ಇಳಿಸುವುದು ತಪ್ಪು. ಏರಿ ಒಡೆದರೆ ಒಬ್ಬರ ನೀರು ಹೋಗುತ್ತದೆ. ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಕೆಳಗೆ, ಬರೆಯ ನೆತ್ತಿಯಲ್ಲಿ ಟ್ರ್ಯಾಕ್ ಹಾಕಬೇಡಿ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೆಡ್ ಅಲರ್ಟ್ ದಿನ ಮನೆಯಲ್ಲಿದ್ದು ಚೈನು ಉಜ್ಜಿ.

ಜಿಗಣೆಗೆ ಏನು ಮಾಡ್ತೀರಾ?

ಕಾಲುಚೀಲದ ಮೇಲೆ ಉಪ್ಪುನೀರು ಅಥವಾ ಹೊಗೆಸೊಪ್ಪಿನ ನೀರು. ಓಡುತ್ತಿರುವಾಗ ಹತ್ತುವುದು ಕಡಿಮೆ, ನಿಂತು ಮಾತಾಡುವಾಗಲೇ ಹೆಚ್ಚು.

ಕೆಸರಲ್ಲಿ ಬಿದ್ದು ತರಚಿದೆ. ಹಾಗೇ ಬಿಡಬಹುದಾ?

ಬಿಡಬೇಡಿ. ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ, ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ನೋಡಿಕೊಳ್ಳಿ. ಗದ್ದೆ ತೋಡಿನ ನೀರಿನಲ್ಲಿ ಇಲಿ, ದನದ ಮೂತ್ರ ಬೆರೆತಿರುತ್ತದೆ. ಇಲಿ ಜ್ವರ ಬರುವುದು ಗಾಯದ ಮೂಲಕ, ಕಣ್ಣು ಬಾಯಿಯ ಮೂಲಕವೂ. ಕೆಸರಿಗೆ ಇಳಿದ ಮುಂದಿನ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಡಾಕ್ಟರ ಹತ್ತಿರ ಹೋಗಿ, ಕೆಸರಿನಲ್ಲಿ ಇದ್ದ ವಿಷಯ ಬಾಯಿ ಬಿಟ್ಟು ಹೇಳಿ. ಬಾಟಲಿಯ ಮೂತಿಗೆ ಮುಚ್ಚಳ ಇರಲಿ.

ತೊಳೆದಿಟ್ಟ ಸೈಕಲ್ ಬೆಳಗ್ಗೆ ನೋಡಿದ್ರೆ ಚೈನೆಲ್ಲ ತುಕ್ಕು!

ನಮ್ಮ ಮಳೆಗಾಲದ ಗಾಳಿಗೆ ಒಂದು ರಾತ್ರಿ ಸಾಕು. ತೊಳೆದ ಮೇಲೆ ಚೈನನ್ನು ಬಟ್ಟೆಯಲ್ಲಿ ಎಳೆದೆಳೆದು ಒರೆಸಿ, ಮಳೆಗಾಲದ ದಪ್ಪ ಎಣ್ಣೆ ಬಿಟ್ಟು, ಹೊರಗಿನದ್ದನ್ನು ಮತ್ತೆ ಒರೆಸಿ. ಸೀಟಿನ ಕಂಬ ಎಳೆದು ಸೈಕಲ್ ತಲೆಕೆಳಗು ಮಾಡಿ ಅರ್ಧ ಗಂಟೆ ಇಡಿ. ಫ್ರೇಮಿನೊಳಗಿಂದ ಬರುವ ಕೆಂಪು ನೀರು ನೋಡಿದರೆ ಪೆಡಲ್ ತಿರುಗುವ ಅಚ್ಚಿನ ಬಿಬಿ ಬೇರಿಂಗ್ ಯಾಕೆ ಹೋಗುತ್ತದೆ ಎಂದು ತಿಳಿಯುತ್ತದೆ. ಶೂಗಳಿಗೆ ಪೇಪರ್ ತುರುಕಿ. ಒಲೆಯ ಮೇಲೆ ಒಣಗಿಸಿದರೆ ಅಂಟು ಬಿಟ್ಟು ಅಡಿ ಕಳಚುತ್ತದೆ.

## ಸ್ಪರ್ಧೆಗೆ ಇಳಿದವರಿಗೆ

ಎಷ್ಟು ಸುತ್ತು ಅಂತ ಮೊದಲೇ ಯಾಕೆ ಹೇಳಲ್ಲ?

ಕೆಸರು ಸುತ್ತಿನ ಸಮಯವನ್ನು ಬದಲಿಸುತ್ತದೆ. ಸ್ಪರ್ಧೆ ಇರುವುದು ಗಡಿಯಾರದ ಲೆಕ್ಕದಲ್ಲಿ, ಹಾಗಾಗಿ ಮೊದಲ ಎರಡು ಸುತ್ತಿಗೆ ಹಿಡಿದ ಹೊತ್ತು ನೋಡಿ ಒಟ್ಟು ಸುತ್ತು ನಿರ್ಧರಿಸುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ಮುಂದಾಳುವಿನ ಮೊದಲ ಸುತ್ತಿನ ಸಮಯದ ಶೇ. 80ರಷ್ಟು ಹಿಂದೆ ಬಿದ್ದವರನ್ನು ಹೊರಗೆ ತೆಗೆಯುತ್ತಾರೆ.

ಶುರುವಿನಲ್ಲೇ ಜೋರು ಹೋಗ್ಬೇಕಾ, ದಮ್ಮು ಉಳಿಸ್ಕೋಬೇಕಾ?

ಮೊದಲ ತಿರುವಿನವರೆಗೆ ಜೋರು. ಅಲ್ಲಿಂದಾಚೆ ದಾರಿ ಕಿರಿದು, ಮುಂದೆ ಒಬ್ಬ ಜಾರಿದರೆ ಹಿಂದಿನವರೆಲ್ಲ ಕಾಲೂರಿ ನಿಲ್ಲಬೇಕು. ಜಾಗ ಹಿಡಿದ ಮೇಲೆ ಎರಡನೇ ಸುತ್ತಿನಿಂದ ಉಸಿರು ಹದಕ್ಕೆ ತನ್ನಿ. ಕೆಸರಿನಲ್ಲಿ ಕೊನೆಯ ಹದಿನೈದು ನಿಮಿಷದಲ್ಲಿ ಬೀಳುವವರು ಹೆಚ್ಚು, ಬಳಲಿದ ಕೈ ಬ್ರೇಕ್ ಹಿಡಿಯುತ್ತದೆ.

ಪಿಟ್‌ನಲ್ಲಿ ಸೈಕಲ್ ಬದಲಿಸೋದು, ತೊಳೆಯೋದು ಹೇಗೆ ನಡೆಸ್ತಾರೆ? ಒಂದೇ ಸೈಕಲ್ ಇದ್ದೋರು ಏನು ಮಾಡೋದು?

ಟ್ರ್ಯಾಕಿನಲ್ಲಿ ಎರಡು ಪಿಟ್, ಅಥವಾ ಒಂದೇ ಕಡೆ ಎರಡು ಬದಿಯಿಂದ ಹೋಗಬಹುದಾದ ಪಿಟ್ ಇರುತ್ತದೆ. ಸೈಕಲ್ ಅಥವಾ ಚಕ್ರ ಬದಲಿಸಲು ಅಲ್ಲಿ ಮಾತ್ರ ಅವಕಾಶ. ವಿಪರೀತ ಕೆಸರಿದ್ದರೆ ಅರ್ಧ ಸುತ್ತಿಗೊಮ್ಮೆ ಬದಲಿಸುತ್ತಾರೆ. ನೀವು ಒಂದರಲ್ಲಿ ಓಡುವಷ್ಟರಲ್ಲಿ ಇನ್ನೊಂದನ್ನು ಜೊತೆಗಾರ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಸರಿಯಾದ ಗೇರಿನಲ್ಲಿ ಹಿಡಿದು ನಿಂತಿರಬೇಕು. ಎರಡೂ ಸೈಕಲ್ಲಿಗೆ ಒಂದೇ ಗಾಳಿ ಹಾಕಬೇಡಿ. ಮಳೆ ನಿಲ್ಲುವ ಸೂಚನೆ ಇದ್ದರೆ ಎರಡನೆಯದಕ್ಕೆ ಎರಡು ಪಿಎಸ್‌ಐ ಬೇರೆ ಇರಲಿ, ನೆಲ ಬದಲಾದಾಗ ಕೈಗೆ ಸಿಗುತ್ತದೆ.

ತೊಳೆಯಲು ತೋಟದ ಸ್ಪ್ರೇಯರ್ ಬಹಳ ಅನುಕೂಲ, ಪೆಟ್ರೋಲ್ ಎಂಜಿನ್‌ದಾದರೆ ಕರೆಂಟೂ ಬೇಡ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದ ಟ್ಯಾಂಕು, ಪೈಪನ್ನು ಹಿಂದಿನ ದಿನವೇ ಎರಡು ಮೂರು ಸಲ ಸ್ವಚ್ಛ ನೀರು ಹರಿಸಿ ತೊಳೆದಿಡಿ, ಉಳಿದ ಮೈಲುತುತ್ತ ಲೋಹವನ್ನು ತಿನ್ನುತ್ತದೆ. ಗನ್ನನ್ನು ನೀರು ಹರಡಿಕೊಂಡು ಬೀಳುವ ಹಾಗೆ ತಿರುಗಿಸಿಕೊಳ್ಳಿ, ಚಕ್ರದ ಹಬ್ಬಿಗೂ ಬಿಬಿಗೂ ನೇರ ಹೊಡೆಯಬೇಡಿ. ಮೊದಲು ಡಿರೇಲರ್, ಆಮೇಲೆ ಬ್ರೇಕ್, ಆಮೇಲೆ ಪೆಡಲ್, ಕೊನೆಗೆ ಟೈರ್. ಹೊತ್ತು ಸಾಲದಿದ್ದರೆ ಫ್ರೇಮ್ ಹಾಗೇ ಇರಲಿ.

ಒಂದೇ ಸೈಕಲ್ ಇದ್ದವರು ಹಗುರ ಚಕ್ರದ ಆಸೆ ಬಿಟ್ಟು ಗಟ್ಟಿ ಟೈರ್, ಹೊಸ ಪ್ಯಾಡ್ ಹಾಕಿ ಬನ್ನಿ. ಹೊತ್ತು ಓಡುವ ಪ್ರತಿ ಸಲವೂ ಖಾಲಿ ಇರುವ ಎಡಗೈಯಿಂದ ಫೋರ್ಕಿನಡಿಯ ಮಣ್ಣು ಕೆಡವಿ. ಇಳಿಜಾರಿನಲ್ಲಿ ನಾಲ್ಕು ಸಲ ಹಿಂದಕ್ಕೆ ಪೆಡಲ್ ತಿರುಗಿಸಿ ಚೈನಿನ ಹುಲ್ಲು ಸಡಿಲಿಸಿ. ನೀರು ನಿಂತ ಗುಂಡಿ ಕಂಡರೆ, ತಳ ಗಟ್ಟಿ ಎಂದು ಅಭ್ಯಾಸದಲ್ಲಿ ನೋಡಿಟ್ಟಿದ್ದರೆ, ಅದರ ಮಧ್ಯೆಯೇ ಹೋಗಿ.